ಕ್ರಿಸ್‌ಮಸ್ ಮನೆಗೆ ಪರಿಮಳ ಕಟ್ಟುವ ಬಗೆ: ನನ್ನ ಅನುಭವ

ಹಬ್ಬಕ್ಕೆ ಮನೆಯನ್ನು ಪರಿಮಳಗೊಳಿಸುವ ಕೆಲಸವನ್ನು ನಾನು ಆರಂಭಿಸುವುದು ಪರಿಮಳದಿಂದಲ್ಲ, ಮನೆಯಲ್ಲಿ ಆಗಲೇ ಬೇರೂರಿರುವ ವಾಸನೆಗಳನ್ನು ಹೊರಹಾಕುವುದರಿಂದ. ದಾವಣಗೆರೆಯ ನಮ್ಮ ಮನೆಯಲ್ಲಿ ಡಿಸೆಂಬರ್ ಬಂತೆಂದರೆ ಗೋಡೆಗಳಿಗೆ ಬಣ್ಣ ಬೀಳುತ್ತದೆ, ಕರ್ಜಿಕಾಯಿ, ಚಕ್ಕುಲಿಗಳಿಗೆ ಬಾಣಲೆ ಏರುತ್ತದೆ. ಹೊಸ ಬಣ್ಣದ ಘಾಟೂ ಕರಿದೆಣ್ಣೆಯ ಕಮಟೂ ಪರದೆ, ದಿಂಬುಗಳಲ್ಲಿ ಇಂಗಿಬಿಡುತ್ತವೆ. ಅದರ ಮೇಲೆ ಎಷ್ಟೇ ಬೆಲೆಬಾಳುವ ಸುಗಂಧವನ್ನು ಸಿಂಪಡಿಸಿದರೂ ಎರಡೂ ಬೆರೆತು ಮೂರನೆಯದೊಂದು ವಾಸನೆ ಹುಟ್ಟುತ್ತದೆಯೇ ಹೊರತು ಹಬ್ಬದ ಕಳೆ ಬರುವುದಿಲ್ಲ. ಆದ್ದರಿಂದ ಕರಿಯುವ ಕೆಲಸವನ್ನು 22ರೊಳಗೆ ಮುಗಿಸಿ, ಪರದೆಗಳನ್ನು ಒಗೆದು, ಮರುದಿನ ಬಿಸಿಲೇರುವವರೆಗೂ ಕಿಟಕಿಗಳನ್ನು ತೆರೆದಿಡುತ್ತೇನೆ. ಬಯಲುಸೀಮೆಯ ಚಳಿಗಾಲದ ಒಣಗಾಳಿ ಈ ಕೆಲಸವನ್ನು ಯಾವ ರೂಮ್ ಸ್ಪ್ರೇಗಿಂತಲೂ ಚೆನ್ನಾಗಿ ಮಾಡುತ್ತದೆ. ಆ ಎರಡು ದಿನ ಮಾತ್ರ ಸಂಜೆಯ ಮಿರ್ಚಿ ಮಂಡಕ್ಕಿಯನ್ನು ಹೊರಗೇ ತಿಂದು ಬನ್ನಿ ಎಂದು ಮನೆಯವರಿಗೆ ಹೇಳಬೇಕಾಗುತ್ತದೆ.

ನಡುಮನೆಯ ಪರಿಮಳಕ್ಕೆ ನಾನು ನೆಚ್ಚಿಕೊಂಡಿರುವುದು ಒಲೆಯ ಮೇಲಿನ ಒಂದು ಪಾತ್ರೆಯನ್ನು. ಒಂದು ಲೀಟರ್ ನೀರಿಗೆ ನಾಲ್ಕೈದು ತುಂಡು ಚಕ್ಕೆ, ಒಂದು ಚಮಚ ಲವಂಗ, ಎರಡು ಚಕ್ರಮೊಗ್ಗು ಹಾಕಿ ಅತಿ ಸಣ್ಣ ಉರಿಯಲ್ಲಿಡುತ್ತೇನೆ. ಇದಕ್ಕೆ ತೆಳು ಪದರಗಳ ಸಿಲೋನ್ ದಾಲ್ಚಿನ್ನಿಯೇ ಬೇಕೆಂದಿಲ್ಲ. ದಿನಸಿ ಅಂಗಡಿಯ ದಪ್ಪ, ಗಡುಸು ಚಕ್ಕೆಯೇ ಹೆಚ್ಚು ಖಾರವಾಗಿ ಘಮಿಸುತ್ತದೆ, ಬೆಲೆಯೂ ಕಡಿಮೆ. ಕಿತ್ತಳೆ ಸಿಪ್ಪೆಯನ್ನು ಮೊದಲೇ ಹಾಕಬಾರದು. ಅದರ ಪರಿಮಳಕ್ಕೆ ಕಾರಣವಾದ ಲಿಮೋನೀನ್ ಬಹುಬೇಗ ಆವಿಯಾಗುತ್ತದೆ; ಲವಂಗದ ಯೂಜಿನಾಲ್ ನಿಧಾನವಾಗಿ ಬಿಟ್ಟುಕೊಡುವಂಥದ್ದು. ಎರಡನ್ನೂ ಒಟ್ಟಿಗೆ ಹಾಕಿದರೆ ಅತಿಥಿಗಳು ಬರುವ ಹೊತ್ತಿಗೆ ಕಿತ್ತಳೆ ಮಾಯವಾಗಿ ಬರೀ ಮಸಾಲೆ ಉಳಿದು, ಮನೆಯಲ್ಲಿ ಪಲಾವ್ ಆಗುತ್ತಿದೆಯೇನೋ ಎನ್ನಿಸುತ್ತದೆ. ಹಾಗಾಗಿ ಮಸಾಲೆ ಅರ್ಧ ಗಂಟೆ ಕಾದ ಮೇಲೆ, ಯಾರಾದರೂ ಬರುವ ಹತ್ತು ನಿಮಿಷ ಮುಂಚೆ, ಒಳಗಿನ ಬಿಳಿ ತಿರುಳನ್ನು ಕೆರೆದು ತೆಗೆದ ಸಿಪ್ಪೆಯನ್ನು ಹಾಕುತ್ತೇನೆ. ಈ ತಿಂಗಳಲ್ಲಿ ನಾಗಪುರದ ಕಿತ್ತಳೆ ಮಾರುಕಟ್ಟೆಯಲ್ಲಿ ಧಾರಾಳವಾಗಿರುವುದರಿಂದ ಸಿಪ್ಪೆಗೆ ಬರವಿಲ್ಲ. ನೀರು ಕುದಿಯಬಾರದು, ಮೇಲೆ ಹಬೆ ಆಡುತ್ತಿರಬೇಕು, ಅಷ್ಟೆ. ಇಂಗಿದಂತೆಲ್ಲ ಬಿಸಿನೀರನ್ನೇ ಸೇರಿಸಬೇಕು. ಪಾತ್ರೆ ಒಣಗಿ ಚಕ್ಕೆ ಸೀದರೆ ಆ ಸೀಕಲು ವಾಸನೆ ಎರಡು ದಿನ ಹೋಗುವುದಿಲ್ಲವಾದ್ದರಿಂದ, ಒಲೆಯ ಬಳಿ ಯಾರೂ ಇಲ್ಲದಿದ್ದರೆ ಉರಿ ಆರಿಸಿಬಿಡುವುದೇ ಸರಿ.

ಕ್ರಿಸ್‌ಮಸ್ ಮರದ ವಿಷಯ ಬೇರೆ. ನಮ್ಮಲ್ಲಿ ಯೇಸುವಿನ ಜನನವನ್ನು ಬೊಂಬೆಗಳಲ್ಲಿ ತೋರಿಸುವ ಗೋದಲಿಯ ಪಕ್ಕ ನಿಲ್ಲಿಸುವುದು ಸರ್ವೆ ಮರದ ಕೊಂಬೆಯನ್ನು ಅಥವಾ ಪ್ಲಾಸ್ಟಿಕ್ ಮರವನ್ನು. ಎರಡಕ್ಕೂ ಹೇಳಿಕೊಳ್ಳುವಂಥ ಪರಿಮಳವಿಲ್ಲ. ಹತ್ತಿ ಗಿರಣಿಗಳಿಂದ ಹೆಸರಾದ ಊರಿನಲ್ಲಿ ಇದಕ್ಕೆ ಉಪಾಯವೂ ಹತ್ತಿಯೇ. ಸಣ್ಣ ಹತ್ತಿಯುಂಡೆಗಳಿಗೆ ಮೂರು ನಾಲ್ಕು ಹನಿ ದೇವದಾರು ಎಣ್ಣೆ ಹಾಕಿ, ಕೊಂಬೆಗಳ ಒಳಬದಿಯಲ್ಲಿ, ಸೀರಿಯಲ್ ದೀಪಗಳಿಂದ ದೂರದಲ್ಲಿ ಸಿಕ್ಕಿಸುತ್ತೇನೆ. ಪೈನ್ ಎಣ್ಣೆಯನ್ನೂ ಬಳಸಬಹುದು, ಆದರೆ ಅಗ್ಗದ ಪೈನ್ ಎಣ್ಣೆ ನೆಲ ಒರೆಸುವ ದ್ರಾವಣವನ್ನು ನೆನಪಿಸುತ್ತದೆಂಬುದು ನನ್ನ ಅಭಿಪ್ರಾಯ.

ಮೇಣದಬತ್ತಿಗಳನ್ನು ನಾನೇ ಸೋಯಾ ಮೇಣದಲ್ಲಿ ಹೊಯ್ದುಕೊಳ್ಳುತ್ತೇನೆ. 100 ಗ್ರಾಂ ಮೇಣಕ್ಕೆ 6ರಿಂದ 8 ಗ್ರಾಂ ಸುಗಂಧ ತೈಲ ಸಾಕು. ಹೊಯ್ದ ಮೇಲೆ ಎರಡು ವಾರ ಮುಚ್ಚಿಟ್ಟರೆ ಪರಿಮಳ ಕೂಡಿಕೊಳ್ಳುತ್ತದೆ. ಮೊದಲ ಸಲ ಹಚ್ಚಿದಾಗ ಮೇಲ್ಮೈಯೆಲ್ಲ ಕರಗುವವರೆಗೆ ಉರಿಯಲು ಬಿಡಬೇಕು, ಇಲ್ಲವಾದರೆ ಬತ್ತಿಯ ಸುತ್ತ ಮಾತ್ರ ಗುಳಿ ಬೀಳುತ್ತದೆ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಧೂಪ. ಮತ್ತಾಯನ ಸುವಾರ್ತೆಯಲ್ಲಿ ಜ್ಞಾನಿಗಳು ಮಗುವಿಗೆ ಅರ್ಪಿಸಿದ್ದು ಚಿನ್ನ, ಧೂಪ, ರಕ್ತಬೋಳಗಳನ್ನು. ಆದ್ದರಿಂದ ಈ ಹಬ್ಬಕ್ಕೆ ಪರದೇಶದ ಯಾವ ಸುಗಂಧಕ್ಕಿಂತಲೂ ಗ್ರಂಧಿಗೆ ಅಂಗಡಿಯ ಧೂಪದ ಹರಳೇ ಹೆಚ್ಚು ಸಲ್ಲುತ್ತದೆ. ತೆಂಗಿನ ಚಿಪ್ಪಿನ ಕೆಂಡದ ಮೇಲೆ ಬೂದಿಯ ತೆಳು ಪದರ ಹರಡಿ, ಅದರ ಮೇಲೆ ಕಡಲೆಕಾಳಿನಷ್ಟು ಹರಳನ್ನು ಇಡಬೇಕು. ನೇರ ಕೆಂಡಕ್ಕೆ ಬಿದ್ದರೆ ಹರಳು ಉರಿದು ಕರಿಹೊಗೆ ಕಾರುತ್ತದೆ; ಬೂದಿಯ ಮೇಲಾದರೆ ಮೆಲ್ಲನೆ ಕರಗುತ್ತ, ನಿಂಬೆಯ ಛಾಯೆಯುಳ್ಳ ಪರಿಮಳ ಬಿಡುತ್ತದೆ. ಇದನ್ನು ನಾನು 24ರ ರಾತ್ರಿಯ ಆರಾಧನೆಗೆ ಹೊರಡುವ ಅರ್ಧ ಗಂಟೆ ಮುಂಚೆ ಹಾಕಿ, ಕೆಂಡವನ್ನು ಪೂರ್ತಿ ನಂದಿಸಿಯೇ ಬಾಗಿಲು ಹಾಕುತ್ತೇನೆ. ಮನೆಯೊಳಗೇ ಇದ್ದರೆ ಮೂಗು ಕೆಲವೇ ನಿಮಿಷಗಳಲ್ಲಿ ಯಾವ ಪರಿಮಳಕ್ಕೂ ಒಗ್ಗಿ ಅದನ್ನು ಮರೆತುಬಿಡುತ್ತದೆ. ಚರ್ಚಿನಿಂದ ಚಳಿಯಲ್ಲಿ ಹಿಂದಿರುಗಿ ಬಾಗಿಲು ತೆರೆದಾಗಲಾದರೋ ಹೊಗೆಯೆಲ್ಲ ಅಡಗಿ, ಪರಿಮಳವಷ್ಟೇ ಎದುರಾಗುತ್ತದೆ.

ಉಬ್ಬಸವಿರುವ ಹಿರಿಯರು ಅಥವಾ ಹಸುಗೂಸು ಮನೆಯಲ್ಲಿದ್ದ ವರ್ಷ ಧೂಪವನ್ನು ಅಂಗಳದಲ್ಲಷ್ಟೇ ಹಾಕುತ್ತೇನೆ. ಬೆಕ್ಕು ಸಾಕಿದವರ ಮನೆಗೆ ಎಣ್ಣೆಯ ಹತ್ತಿಯುಂಡೆಗಳನ್ನು ಶಿಫಾರಸು ಮಾಡುವುದಿಲ್ಲ, ಏಕೆಂದರೆ ಸುಗಂಧ ತೈಲಗಳ ಹಲವು ಅಂಶಗಳನ್ನು ಬೆಕ್ಕಿನ ಯಕೃತ್ತು ಅರಗಿಸಿಕೊಳ್ಳಲಾರದು. ಅಂಥವರಿಗೆ ಒಲೆಯ ಮೇಲಿನ ಪಾತ್ರೆಯೊಂದನ್ನೇ, ಅದೂ ಕಿಟಕಿ ತೆರೆದಿಟ್ಟು ಸ್ವಲ್ಪ ಹೊತ್ತು ಮಾತ್ರ, ಹೇಳಿಕೊಡುತ್ತೇನೆ.