ಬೀದರಿನ ರೆಸಾರ್ಟಿನಲ್ಲಿ ವೈನ್ ಪಟ್ಟಿ ತಿದ್ದಿದ್ದು

ಬೀದರ್ ಹೊರವಲಯದ ರೆಸಾರ್ಟ್ ಒಂದರ ಮಾಲೀಕರು ತಮ್ಮ ರೆಸ್ಟೋರೆಂಟಿನ ವೈನ್ ಪಟ್ಟಿಯನ್ನು ನೋಡಿ ಅಭಿಪ್ರಾಯ ಹೇಳಬೇಕೆಂದು ಕರೆದರು. ನಾನು ಮೊದಲು ಕೇಳಿದ್ದು ಉಗ್ರಾಣದ ಬೀಗದ ಕೈಯನ್ನು. ಹೋಟೆಲುಗಳ ಪಾನೀಯ ವಿಭಾಗದಲ್ಲಿ ದುಡಿದವರಿಗೆ ಇದು ರೂಢಿ. ಚರ್ಮದ ಹೊದಿಕೆಯ ಪಟ್ಟಿಯಲ್ಲಿ ಯಾರು ಏನನ್ನು ಬೇಕಾದರೂ ಅಚ್ಚು ಹಾಕಿಸಬಹುದು.

ಬಾಟಲಿಗಳು ವಿಸ್ಕಿ, ರಮ್‌ಗಳ ಪಕ್ಕದಲ್ಲಿ, ಸಂಜೆಯ ಬಿಸಿಲು ಬಡಿಯುವ ಗೋಡೆಗೆ ಒತ್ತಿಕೊಂಡು ನಿಂತಿದ್ದವು. ವಿಸ್ಕಿ ಇದನ್ನು ತಾಳಿಕೊಳ್ಳುತ್ತದೆ, ವೈನ್ ತಾಳುವುದಿಲ್ಲ. ಅದಕ್ಕೆ 12ರಿಂದ 14 ಡಿಗ್ರಿ ಸೆಲ್ಸಿಯಸ್‌ನ ತಂಪು, ಕತ್ತಲೆ, ಅಲುಗಾಟವಿಲ್ಲದ ಜಾಗ ಬೇಕು. ಕಾರ್ಕ್ ಒಣಗದಂತೆ ಬಾಟಲಿಯನ್ನು ಅಡ್ಡ ಮಲಗಿಸಬೇಕು. ಎತ್ತರದ ಊರಾದ್ದರಿಂದ ಕಲಬುರಗಿಯಷ್ಟು ಸುಡುವುದಿಲ್ಲವೆಂದು ನಾವು ಬೀದರಿನವರು ಬೀಗುತ್ತೇವೆ, ಆದರೆ ಮೇ ತಿಂಗಳಲ್ಲಿ ಇಲ್ಲಿಯೂ ಪಾದರಸ 40ರ ಆಸುಪಾಸಿಗೆ ಏರುತ್ತದೆ. ಕೆಲವು ಬಾಟಲಿಗಳ ಕಾರ್ಕ್ ಅಂಚಿನಿಂದ ಮೇಲೆದ್ದಿತ್ತು. ಕತ್ತಿನ ಮೇಲೆ ಒಣಗಿದ ಕೆಂಪು ಗೆರೆಗಳು. ಒಂದನ್ನು ತೆಗೆದು ಮೂಸಿದರೆ ಹಣ್ಣಿನ ತಾಜಾತನ ಹೋಗಿ ಹೆಚ್ಚು ಕುದಿಸಿದ ಜಾಮಿನ ವಾಸನೆ ಬಂತು. ಪಟ್ಟಿಯಲ್ಲಿ ಅತಿ ದುಬಾರಿಯಾದ ಬಾಟಲಿ ಅದೇ ಆಗಿತ್ತು.

ಆಮೇಲೆ ಪೆನ್ಸಿಲ್ ಹಿಡಿದು ಕುಳಿತೆ. ಉಗ್ರಾಣದಲ್ಲಿ ಇಲ್ಲದ ಹೆಸರುಗಳಿಗೆ ಅಡ್ಡಗೆರೆ ಎಳೆದಾಗ ಪಟ್ಟಿ ಅರ್ಧಕ್ಕಿಳಿಯಿತು. ಉಳಿದವುಗಳ ಮುಂದೆ ದ್ರಾಕ್ಷಿ ಕೊಯ್ದ ವರ್ಷವನ್ನು ಬಾಟಲಿ ನೋಡಿ ಬರೆದೆ, ಪಟ್ಟಿಯಲ್ಲಿ ಯಾವುದಕ್ಕೂ ವರ್ಷವೇ ಇರಲಿಲ್ಲ. ಹಳೆಯದಾದಷ್ಟೂ ಒಳ್ಳೆಯದೆಂಬ ನಂಬಿಕೆ ಮಾಲೀಕರಿಗೂ ಇತ್ತು. ಕೆಲವೇ ವೈನ್‌ಗಳಿಗೆ ಆ ಮಾತು ಸಲ್ಲುತ್ತದೆ. ಪೀಪಾಯಿಯಲ್ಲಿಡದ ಸಾಧಾರಣ ಸೊವಿನ್ಯೋಂ ಬ್ಲಾಂಕ್, ಶೆನಿನ್ ಬ್ಲಾಂಕ್‌ನಂಥ ಬಿಳಿ ವೈನ್‌ಗಳನ್ನು ಎರಡು ಮೂರು ವರ್ಷದೊಳಗೆ ಕುಡಿದು ಮುಗಿಸಬೇಕು.

ಊರುಗಳನ್ನು ನೋಡಿದರೆ ಫ್ರಾನ್ಸ್, ಇಟಲಿ, ಚಿಲಿ. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಲೂಜಿನಲ್ಲಿ ಫ್ರಾಟೆಲ್ಲಿ ವೈನ್ ಕಂಪನಿಯ ದ್ರಾಕ್ಷಿ ತೋಟಗಳಿವೆ, ವೈನ್ ತಯಾರಕರಲ್ಲಿ ಹಂಪಿ ಸೀಮೆಯಲ್ಲಿ ಕ್ರಸ್ಮಾ ಇದೆ, ದೊಡ್ಡಬಳ್ಳಾಪುರದಲ್ಲಿ ಗ್ರೋವರ್ ಇದೆ. ಇವುಗಳಲ್ಲಿ ಒಂದೂ ಪಟ್ಟಿಯಲ್ಲಿರಲಿಲ್ಲ. ಹತ್ತಿರದ್ದೆಂದು ಅಕ್ಲೂಜಿನಿಂದ ಕಾರಿನಲ್ಲಿ ಹಾಕಿಕೊಂಡು ಬರುವಂತೆಯೂ ಇಲ್ಲ. ರಾಜ್ಯದ ಅಬಕಾರಿ ಇಲಾಖೆ ಒಪ್ಪಿದ ಲೇಬಲ್ ಆಗಿರಬೇಕು, ಪರವಾನಗಿ ಇದ್ದವರಿಂದಲೇ ಕೊಳ್ಳಬೇಕು.

ನನಗೆ ಇಷ್ಟವಾದ ಕೆಲಸ ಮುಂದಿನದು. ಅಡುಗೆಯವರನ್ನೂ ಬಡಿಸುವ ಹುಡುಗರನ್ನೂ ಒಂದೇ ಮೇಜಿಗೆ ಕೂರಿಸಿ, ಅವರದೇ ಅಡುಗೆಯನ್ನು ಮುಂದಿಟ್ಟುಕೊಂಡು, ಕೆಡದೆ ಉಳಿದವುಗಳ ಜೊತೆಗೆ ಹೊಸದಾಗಿ ತರಿಸಿದ ಕೆಲವನ್ನೂ ರುಚಿ ನೋಡಿದೆವು. ನುಂಗದೆ ಉಗುಳಲು ಪಕ್ಕದಲ್ಲೊಂದು ಪಾತ್ರೆ. ಎಣ್ಣೆಗಾಯಿಯ ಜೊತೆ ಕ್ಯಾಬರ್ನೆ ಸೊವಿನ್ಯೋಂ ಎಂಬ ಕೆಂಪು ವೈನ್ ಕೊಟ್ಟಾಗ ಎಲ್ಲರ ಮುಖ ಹುಳ್ಳಗಾಯಿತು. ಅದರ ಒಗರೂ ಆಲ್ಕೋಹಾಲೂ ಸೇರಿ ಖಾರವನ್ನು ಗಂಟಲಲ್ಲಿ ಹೊತ್ತಿಸುತ್ತವೆ. ಅದೇ ಎಣ್ಣೆಗಾಯಿಗೆ ತುಸು ಸಿಹಿಯುಳ್ಳ, ಚೆನ್ನಾಗಿ ತಣಿಸಿದ ಶೆನಿನ್ ಬ್ಲಾಂಕ್ ಕೊಟ್ಟೆ. ಸಿಹಿ ಖಾರವನ್ನು ತಗ್ಗಿಸಿತು, ಅದರ ಹುಳಿ ಹುಣಸೆಯ ಹುಳಿಯ ಮುಂದೆ ಸಪ್ಪೆಯಾಗಲಿಲ್ಲ. ಶೇಂಗಾ ಹಿಂಡಿ ಸವರಿದ ಜೋಳದ ರೊಟ್ಟಿಗೆ ಗುಳ್ಳೆಯೇಳುವ ಸ್ಪಾರ್ಕ್ಲಿಂಗ್ ವೈನ್ ಒಪ್ಪಿತು. ಇದನ್ನು ನಾನೂ ಮೊದಲೇ ಊಹಿಸಿರಲಿಲ್ಲ. ಇಲ್ಲಿನ ಕಲ್ಯಾಣದ ನವಾಬರ ಹೆಸರು ಹೊತ್ತು ಹೈದರಾಬಾದಿನಲ್ಲಿ ಪ್ರಸಿದ್ಧವಾದ ಕಲ್ಯಾಣಿ ಬಿರಿಯಾನಿಯನ್ನು ಈ ಅಡುಗೆಮನೆಯಲ್ಲಿ ಕುರಿಮಾಂಸದಲ್ಲಿ ಮಾಡುತ್ತಾರೆ. ಅದಕ್ಕೆ ರೋಸೆ, ಅಂದರೆ ಗುಲಾಬಿ ಬಣ್ಣದ ವೈನ್ ಸಾಕು. ಕ್ಯಾಬರ್ನೆಯನ್ನು ಖಾರ ಕಡಿಮೆಯಿರುವ ಸೀಖ್ ಕಬಾಬಿಗೆ ಉಳಿಸಿದೆವು. ವಾರಾಂತ್ಯಕ್ಕೆ ಹೈದರಾಬಾದಿನಿಂದ ಬರುವವರು ಹೆಚ್ಚಾಗಿ ಕೇಳುವುದೂ ಅದನ್ನೇ.

ಕೆಂಪು ವೈನನ್ನು ಕೋಣೆಯ ತಾಪಮಾನದಲ್ಲಿ ಬಡಿಸಲಾಗುವುದು ಎಂದು ಪಟ್ಟಿಯ ತುದಿಯಲ್ಲಿ ಹೆಮ್ಮೆಯಿಂದ ಅಚ್ಚಾಗಿತ್ತು. ಆ ನಿಯಮ ಯುರೋಪಿನ ಚಳಿಮನೆಗಳದು. ನಮ್ಮ ಕೋಣೆಗೆ ಅದನ್ನು ಅನ್ವಯಿಸಿದರೆ ಬೆಚ್ಚನೆಯ ಕಷಾಯ ಕುಡಿದಂತಾಗುತ್ತದೆ. ಆ ಸಾಲನ್ನು ಹೊಡೆದುಹಾಕಿ, ಬಡಿಸುವ ಮೊದಲು ಬಾಟಲಿಯನ್ನು 16ರಿಂದ 18 ಡಿಗ್ರಿಗೆ ಇಳಿಸಿಕೊಳ್ಳಲು ಹುಡುಗರಿಗೆ ಹೇಳಿಕೊಟ್ಟೆ.

ಬೆಲೆಯ ವಿಚಾರದಲ್ಲಿ ಜಗಳವೇ ಆಯಿತು. 750 ಮಿಲಿಲೀಟರ್ ಬಾಟಲಿಯಲ್ಲಿ 150ರ ಐದು ಗ್ಲಾಸ್ ಬರುತ್ತದೆ. ಮೊದಲ ಗ್ಲಾಸಿನಲ್ಲೇ ಬಾಟಲಿಯ ಖರೀದಿ ಬೆಲೆ ಹಿಂದಿರುಗಬೇಕೆಂಬುದು ಮಾಲೀಕರ ಲೆಕ್ಕ. ಹಾಗೆ ಬೆಲೆಯಿಟ್ಟಿದ್ದಕ್ಕೇ ಯಾರೂ ಎರಡನೆಯ ಗ್ಲಾಸ್ ಕೇಳದೆ, ತೆರೆದ ಬಾಟಲಿಗಳು ವಾರಗಟ್ಟಲೆ ಉಳಿದು ಹುಳಿಯಾಗುತ್ತಿದ್ದವು. ಎರಡು ಗ್ಲಾಸಿನಲ್ಲಿ ಬಾಟಲಿಯ ಖರೀದಿ ಬೆಲೆ ಹಿಂದಿರುಗಿದರೆ ಸಾಕೆಂದು ಒಪ್ಪಿಸಿದೆ. ತೆರೆದ ದಿನಾಂಕವನ್ನು ಲೇಬಲ್ ಮೇಲೆ ಬರೆಯಬೇಕು, ಮೂರು ದಿನ ದಾಟಿದರೆ ಅದು ಅಡುಗೆಮನೆಗೆ ಹೋಗಬೇಕು.

ಹೊಸ ಪಟ್ಟಿ ಒಂದೇ ಹಾಳೆಯಲ್ಲಿ ಮುಗಿಯುತ್ತದೆ. ಮದುವೆ ಪಾರ್ಟಿಗಳ ಫೋಟೋಕ್ಕಾಗಿ ಒಂದು ಫ್ರೆಂಚ್ ಶಾಂಪೇನ್ ಇರಲೇಬೇಕೆಂದು ಮಾಲೀಕರು ಹಟ ಹಿಡಿದರು. ತಂಪು ಕಪಾಟು ಕೊಳ್ಳುವುದಾದರೆ ಸರಿ ಎಂದೆ. ಕೊಂಡರು.