ಏಟು ಬೀಳದ ಹಾಗೆ ಏಟು ತೋರಿಸುವುದು ಹೇಗೆ

ನಮ್ಮ ಮೊದಲ ಕಿರುಚಿತ್ರದ ಫೈಟ್ ತೆಗೆದದ್ದು ಚಿಕ್ಕಮಗಳೂರು ಕಡೆಯ ಆಲ್ದೂರಿನ ಹತ್ತಿರ, ಗೆಳೆಯನ ತೋಟದ ಕಾಫಿ ಕಣದಲ್ಲಿ. ಕೊಯ್ಲು ಮುಗಿದು ಕಣ ಖಾಲಿಯಾಗಿತ್ತು, ಸಂಜೆ ಬಿಸಿಲು ಚೆನ್ನಾಗಿತ್ತು. ಸ್ವಲ್ಪ ನಿಜವಾಗಿಯೇ ಹೊಡೆದುಕೊಂಡರೆ ತೆರೆ ಮೇಲೂ ನಿಜ ಅನ್ನಿಸುತ್ತದೆ ಅಂದುಕೊಂಡೆವು. ಮೂರನೇ ಟೇಕಿಗೆ ಒಬ್ಬನ ತುಟಿ ಒಡೆಯಿತು, ಎರಡು ಹೊಲಿಗೆ ಬಿತ್ತು. ರಾತ್ರಿ ಕೂತು ನೋಡಿದರೆ ಆ ಏಟು ಏಟಿನ ಹಾಗೇ ಕಾಣಲಿಲ್ಲ. ಕೆನ್ನೆಗೆ ತಗುಲದೆ ಗಾಳಿಯಲ್ಲಿ ಹೋಗಿದ್ದ ಇನ್ನೊಂದು ಏಟು ಮಾತ್ರ ನೋಡಿದವರೆಲ್ಲ ಕಣ್ಣು ಮುಚ್ಚಿಕೊಳ್ಳುವಷ್ಟು ಜೋರಾಗಿ ಬಂದಿತ್ತು. ಎರಡಕ್ಕೂ ಇದ್ದ ವ್ಯತ್ಯಾಸ ಒಂದೇ, ಕ್ಯಾಮೆರಾ ಎಲ್ಲಿತ್ತು ಅನ್ನುವುದು. ಆಮೇಲೆ ನಾವು ತೆಗೆದ ಯಾವ ಫೈಟಿನಲ್ಲೂ ಒಬ್ಬರಿಗೊಬ್ಬರು ನಿಜವಾಗಿ ಹೊಡೆದಿಲ್ಲ.

ಮೊದಲು ಆ ಕೋನವನ್ನೇ ಹೇಳುತ್ತೇನೆ, ಫೈಟಿನ ಮುಕ್ಕಾಲು ಪಾಲು ಅದೇ. ಇಬ್ಬರು ಎದುರುಬದುರು ನಿಂತಾಗ ನೀವು ಪಕ್ಕದಿಂದ ತೆಗೆದರೆ ಮುಷ್ಟಿಗೂ ಮುಖಕ್ಕೂ ಇರುವ ಜಾಗ ಎದ್ದು ಕಾಣುತ್ತದೆ. ಏಟು ತಿನ್ನುವವನ ಬೆನ್ನ ಹಿಂದೆ ಹೋಗಿ, ಅವನ ಭುಜದ ಮೇಲಿಂದ ಹೊಡೆಯುವವನ ಮುಖ ಕಾಣುವ ಹಾಗೆ ಕ್ಯಾಮೆರಾ ಇಡಿ. ಈಗ ಕ್ಯಾಮೆರಾ, ತಿನ್ನುವವನು, ಹೊಡೆಯುವವನು ಮೂರೂ ಒಂದೇ ಗೆರೆಯಲ್ಲಿದ್ದಾರೆ. ಹೊಡೆಯುವವನು ಕೈಯನ್ನು ನೇರ ಚುಚ್ಚದೆ ಅಡ್ಡ ಬೀಸಬೇಕು. ಆ ಕೈ ಇನ್ನೊಬ್ಬನ ತಲೆಯ ಹಿಂದೆ ಮರೆಯಾಗಿ ಆಚೆ ಕಡೆ ಹೊರಬರುತ್ತದೆ, ನಡುವೆ ಏನಾಯಿತು ಅಂತ ಕ್ಯಾಮೆರಾಕ್ಕೆ ಕಾಣುವುದೇ ಇಲ್ಲ. ಕೈ ಪೂರ್ತಿ ಚಾಚಿದರೂ ಮುಖಕ್ಕೆ ಒಂದು ಗೇಣು ಉಳಿಯಬೇಕು. ಟೇಕ್ ಶುರುವಾಗುವ ಮೊದಲು ಪ್ರತಿ ಸಲವೂ ಕೈ ಚಾಚಿಸಿ ಅಳೆಯಿರಿ, ಯಾಕೆಂದರೆ ಹುಮ್ಮಸ್ಸಿನಲ್ಲಿ ಜನ ತಮಗೇ ಗೊತ್ತಿಲ್ಲದೆ ಅರ್ಧ ಹೆಜ್ಜೆ ಮುಂದೆ ಬಂದಿರುತ್ತಾರೆ.

ಮೊಬೈಲಿನಲ್ಲಿ ತೆಗೆಯುವವರು ವೈಡ್ ಲೆನ್ಸ್ ಹಿಡಿದು ಹತ್ತಿರ ನುಗ್ಗಬೇಡಿ. ನಾಲ್ಕು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಅಥವಾ 3ಎಕ್ಸ್ ಲೆನ್ಸ್‌ನಲ್ಲಿ ತೆಗೆಯಿರಿ. ದೂರದಿಂದ ಜೂಮ್‌ನಲ್ಲಿ ನೋಡಿದಾಗ ಇಬ್ಬರ ನಡುವಿನ ಅಂತರ ಕುಗ್ಗಿ ಅಂಟಿಕೊಂಡ ಹಾಗೆ ಕಾಣುತ್ತದೆ.

ಇನ್ನು ರಿಯಾಕ್ಷನ್. ಜನ ಹೊಡೆಯುವವನಿಗೆ ಜಾಸ್ತಿ ಅಭ್ಯಾಸ ಮಾಡಿಸುತ್ತಾರೆ, ಆದರೆ ಏಟನ್ನು ನಂಬಿಸುವವನು ತಿನ್ನುವವನು. ಮುಷ್ಟಿ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತೋ ತಲೆಯೂ ಅದೇ ಕಡೆಗೆ ತಿರುಗಬೇಕು. ಮೊದಲು ಗಲ್ಲ, ಆಮೇಲೆ ಭುಜ, ಆಮೇಲೆ ಸೊಂಟ, ಕೊನೆಗೆ ಕಾಲು. ಎಲ್ಲವೂ ಒಟ್ಟಿಗೆ ತಿರುಗಿದರೆ ಗೊಂಬೆ ತಿರುಗಿದ ಹಾಗಿರುತ್ತದೆ. ಮುಷ್ಟಿ ಮೂಗಿನ ನೇರಕ್ಕೆ ಬಂದ ಕ್ಷಣಕ್ಕೆ ಸರಿಯಾಗಿ ತಲೆ ಹೊರಡಬೇಕು. ಮೊದಲ ದಿನ ಕಾಲುಭಾಗ ವೇಗದಲ್ಲಿ, ಬಾಯಲ್ಲಿ ಒಂದು, ಎರಡು, ಮೂರು ಅಂತ ಎಣಿಸುತ್ತಾ ಮಾಡಿ. ಆಮೇಲೆ ಅರ್ಧ ವೇಗ. ಶೂಟಿಂಗ್ ದಿನ ಮುಕ್ಕಾಲು ವೇಗ ಸಾಕು, ಪೂರ್ತಿ ವೇಗ ಯಾವತ್ತೂ ಬೇಡ. ಪ್ರತಿ ಏಟಿಗೂ ಮುಂಚೆ ಇಬ್ಬರೂ ಒಬ್ಬರ ಕಣ್ಣು ಒಬ್ಬರು ನೋಡಲೇಬೇಕು. ಒಂದು ಶಾಟಿಗೆ ನಾಲ್ಕೈದು ಏಟಿಗಿಂತ ಹೆಚ್ಚು ಇಡಬೇಡಿ, ಆರನೆಯದು ಬರುವ ಹೊತ್ತಿಗೆ ಒಬ್ಬರಿಗಾದರೂ ಮರೆತಿರುತ್ತದೆ.

ಮುಕ್ಕಾಲು ವೇಗದಲ್ಲಿ ತೆಗೆದದ್ದು ನಿಧಾನ ಅನ್ನಿಸಿದರೆ ಎಡಿಟಿಂಗ್‌ನಲ್ಲಿ ನೂರಕ್ಕೆ ಹತ್ತರಷ್ಟು ವೇಗ ಹೆಚ್ಚಿಸಿ. ಅದಕ್ಕಿಂತ ಜಾಸ್ತಿ ಮಾಡಿದರೆ ಹಿಂದೆ ನಡೆಯುವವರು, ಗಾಳಿಗೆ ಅಲ್ಲಾಡುವ ಎಲೆ ಎಲ್ಲ ವೇಗ ಹೆಚ್ಚಿಸಿದ್ದನ್ನು ತೋರಿಸಿಕೊಟ್ಟುಬಿಡುತ್ತವೆ. ಶಟರ್, ಅಂದರೆ ಒಂದೊಂದು ಫ್ರೇಮಿಗೂ ಕ್ಯಾಮೆರಾ ಬೆಳಕು ಹಿಡಿಯುವ ಸಮಯ, ಅದರ ಬಗ್ಗೆಯೂ ಒಂದು ಮಾತು. ಸೆಕೆಂಡಿಗೆ 25 ಫ್ರೇಮ್‌ನಲ್ಲಿ ತೆಗೆಯುವಾಗ ಸಾಮಾನ್ಯ ದೃಶ್ಯಕ್ಕೆ 1/50 ಸೆಕೆಂಡ್ ಇಡುತ್ತೇವೆ, ಫೈಟಿಗೆ 1/100 ಇಟ್ಟರೆ ಕೈಕಾಲು ಮಸುಕಾಗದೆ ಚುರುಕಾಗಿ ಕಾಣುತ್ತದೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟ್ ಮಿಣುಕುವುದೂ ಅದರ ಲೆಕ್ಕದಲ್ಲೇ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ 1/60 ಅಥವಾ 120 ಫ್ರೇಮ್ ಸ್ಲೋ ಮೋಷನ್ ಇಟ್ಟರೆ ಚಿತ್ರ ಮಿಣುಕುವ ಸಾಧ್ಯತೆ ಹೆಚ್ಚು. ಸ್ಲೋ ಮೋಷನ್ ಬೇಕಿದ್ದರೆ ಹಗಲಲ್ಲೇ ಮುಗಿಸಿಕೊಳ್ಳಿ.

ಕಟ್ ಮಾಡುವಾಗ ಏಟು ಬಿದ್ದ ಮೇಲೆ ಕಟ್ ಮಾಡಬೇಡಿ, ಕೈ ಇನ್ನೂ ಹಾರಿ ಬರುತ್ತಿರುವಾಗಲೇ ಮಾಡಿ. ಮುಂದಿನ ಕೋನದಲ್ಲಿ ಅದೇ ಕೈ ಎರಡು ಮೂರು ಫ್ರೇಮ್ ಹಿಂದಿನಿಂದ ಮತ್ತೆ ಬರಲಿ. ಕಣ್ಣಿಗೆ ಅದು ಎರಡು ಸಲ ಅಂತ ಗೊತ್ತಾಗುವುದಿಲ್ಲ, ಭಾರ ಮಾತ್ರ ಹೆಚ್ಚುತ್ತದೆ. ಜಾಕಿ ಚಾನ್ ಫೈಟುಗಳನ್ನು ಒಂದೊಂದೇ ಫ್ರೇಮ್ ಮುಂದೆ ತಳ್ಳಿ ನೋಡಿ, ಈ ಉಪಾಯ ಕೈಗೆ ಸಿಗುತ್ತದೆ. ಅವರ ಇನ್ನೊಂದು ಒಳ್ಳೆಯ ಅಭ್ಯಾಸ ಅಂದರೆ ತಲೆಯಿಂದ ಕಾಲಿನವರೆಗೆ ಕಾಣುವ ವೈಡ್ ಶಾಟ್. ಯಾರು ಎಲ್ಲಿದ್ದಾರೆ ಅಂತ ಗೊತ್ತಾಗದೆ ಕ್ಯಾಮೆರಾ ಅಲ್ಲಾಡಿಸಿದರೆ ನೋಡುವವರಿಗೆ ತಲೆನೋವು ಬರುತ್ತದೆ ಅಷ್ಟೇ.

ಮಲೆನಾಡಿನಲ್ಲಿ ಈ ವೈಡ್ ಶಾಟನ್ನು ಮೊದಲು ತೆಗೆಯಲು ಇನ್ನೊಂದು ಕಾರಣ ಇದೆ. ಮಂಜು. ಮುಳ್ಳಯ್ಯನಗಿರಿಯ ಕಡೆ 1,930 ಮೀಟರ್ ಎತ್ತರದಲ್ಲಿ ಬಿಸಿಲಿದ್ದ ಜಾಗ ಹತ್ತು ನಿಮಿಷದಲ್ಲಿ ಬೆಳ್ಳಗಾಗಿಬಿಡುತ್ತದೆ. ಬೆಟ್ಟ ಕಾಣುವ ಶಾಟ್ ಮೊದಲು, ಕ್ಲೋಸಪ್ ಕೊನೆಗೆ. ಮಂಜು ಮುಚ್ಚಿದರೂ ಕ್ಲೋಸಪ್ ಒಂದು ಹಸಿರು ಬೇಲಿಯ ಮುಂದೆ ಮುಗಿಯುತ್ತದೆ. ಮಳೆಗಾಲದಲ್ಲಿ ಹುಲ್ಲಿನ ಇಳಿಜಾರಿನ ಮೇಲೆ ಓಡುವ ದೃಶ್ಯ ಇಡಲೇಬೇಡಿ.

ಏಟಿಗೆ ಜೀವ ಕೊಡುವ ಒಂದು ಚಿಕ್ಕ ಕೆಲಸ ಹೇಳುತ್ತೇನೆ, ಖರ್ಚು ಐವತ್ತು ರೂಪಾಯಿಯೂ ಆಗುವುದಿಲ್ಲ. ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಮುಲ್ತಾನಿ ಮಿಟ್ಟಿಯನ್ನು ಏಟು ತಿನ್ನುವವನ ಅಂಗಿಯ ಭುಜ, ಬೆನ್ನಿಗೆ ತೆಳ್ಳಗೆ ಉಜ್ಜಿ. ಸಂಜೆ ನಾಲ್ಕೂವರೆಗೆ ಸೂರ್ಯ ಅವನ ಆಚೆ, ಕ್ಯಾಮೆರಾಕ್ಕೆ ಎದುರಾಗಿ ಇರುವ ಹಾಗೆ ನಿಲ್ಲಿಸಿ. ಬೆನ್ನಿಗೆ ಅಂಗೈ ತಟ್ಟಿದ ಕ್ಷಣ ಧೂಳು ಎದ್ದು ಬಿಸಿಲಲ್ಲಿ ಬಂಗಾರದ ಹಾಗೆ ಹೊಳೆಯುತ್ತದೆ. ಬೆಳಕು ಕ್ಯಾಮೆರಾದ ಹಿಂದಿನಿಂದ ಬಂದರೆ ಆ ಧೂಳು ಇದ್ದರೂ ಕಾಣುವುದಿಲ್ಲ. ಮುಖದ ಹತ್ತಿರ ಮಾತ್ರ ಹಾಕಬೇಡಿ, ಕಣ್ಣಿಗೆ ಹೋಗುತ್ತದೆ. ರಕ್ತಕ್ಕೆ ಗಟ್ಟಿ ಸಕ್ಕರೆ ಪಾಕ, ಅಡುಗೆಯ ಕೆಂಪು ಬಣ್ಣ, ಅದಕ್ಕೆ ಅರ್ಧ ಚಮಚ ಕಾಫಿ ಡಿಕಾಕ್ಷನ್. ಡಿಕಾಕ್ಷನ್ ಹಾಕದಿದ್ದರೆ ಶರಬತ್ತಿನ ಬಣ್ಣ ಬರುತ್ತದೆ.

ಬೀಳುವ ದೃಶ್ಯಕ್ಕೆ ಸಿಮೆಂಟ್ ಕಣ ತುಂಬಾ ಕೆಟ್ಟ ಜಾಗ. ಕಿರಾಣಿ ಅಂಗಡಿಗಳಿಂದ ಖಾಲಿ ರಟ್ಟಿನ ಪೆಟ್ಟಿಗೆ ತಂದು, ಮಡಚದೆ, ಒಳಗೆ ಏನೂ ತುಂಬದೆ ಎರಡು ಸಾಲು ಜೋಡಿಸಿ. ಮೇಲೆ ಹಳೆ ಹಾಸಿಗೆ, ಅದರ ಮೇಲೆ ಟಾರ್ಪಾಲು. ಬಿದ್ದಾಗ ಪೆಟ್ಟಿಗೆ ಕುಸಿಯಬೇಕು, ಆ ಕುಸಿತವೇ ಭಾರವನ್ನು ತಿನ್ನುವುದು. ಒಮ್ಮೆ ಕುಸಿದ ಪೆಟ್ಟಿಗೆಯನ್ನು ಮುಂದಿನ ಟೇಕಿಗೆ ಬದಲಾಯಿಸಿ. ಸೊಂಟದ ಎತ್ತರಕ್ಕಿಂತ ಮೇಲಿನಿಂದ ಬೀಳುವುದು, ಬೆಂಕಿ, ಹಗ್ಗ, ನೀರು ಇದ್ದರೆ ತರಬೇತಿ ಇರುವ ಫೈಟ್ ಮಾಸ್ಟರ್ ಇಲ್ಲದೆ ಕೈ ಹಾಕಬೇಡಿ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಹೆಲಿಕಾಪ್ಟರ್‌ನಿಂದ ಹಾರಿದ ಇಬ್ಬರು ನಟರು ಮುಳುಗಿ ತೀರಿಕೊಂಡರು. ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. 2021ರ ಆಗಸ್ಟ್‌ನಲ್ಲಿ ಬಿಡದಿ ಹತ್ತಿರ ಫೈಟ್ ಶೂಟಿಂಗ್‌ನಲ್ಲಿ ಕರೆಂಟ್ ಹೊಡೆದು ಒಬ್ಬ ಸಾಹಸ ಕಲಾವಿದ ಹೋದರು. ನಮ್ಮ ತೋಟಗಳಲ್ಲಿ ಮೆಣಸು ಕುಯ್ಯುವ ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ಏನಾಗುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಲೈಟ್ ಸ್ಟ್ಯಾಂಡ್, ಮೈಕಿನ ಕೋಲು, ಏಣಿ ಯಾವುದನ್ನು ಎತ್ತುವ ಮೊದಲೂ ತಲೆ ಎತ್ತಿ ತಂತಿ ಎಲ್ಲಿದೆ ಅಂತ ನೋಡಿ.

ಬೈಕ್ ಚೇಸನ್ನು ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ತೆಗೆಯುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ. ಗೇಟು ಹಾಕಿಕೊಳ್ಳಬಹುದಾದ ತೋಟದ ರಸ್ತೆ ಸಾಕು. ಬೈಕು ಗಂಟೆಗೆ 25 ಕಿಲೋಮೀಟರ್‌ನಲ್ಲಿ ಹೋಗಲಿ, ಹೆಲ್ಮೆಟ್ ಇರಲಿ. ಕ್ಯಾಮೆರಾವನ್ನು ಸಿಲ್ವರ್ ಓಕ್ ಮರಗಳ ಸಾಲಿನ ಈಚೆ, ನೆಲಕ್ಕೆ ಹತ್ತಿರ ಇಟ್ಟು ಬೈಕಿನ ಜೊತೆ ತಿರುಗಿಸಿ. ಮರದ ಬೊಡ್ಡೆಗಳು ಲೆನ್ಸಿನ ಮುಂದೆ ಸರ್ರನೆ ಹಾದುಹೋದರೆ 25 ಇದ್ದದ್ದು 70ರ ಹಾಗೆ ಕಾಣುತ್ತದೆ.

ಹಾಸನದ ಕಡೆಯವರು ಜಾಗದ ಬಗ್ಗೆ ಎರಡು ವಿಷಯ ನೆನಪಿಡಿ. ಬೇಲೂರು, ಹಳೇಬೀಡಿನ ದೇವಸ್ಥಾನಗಳು ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ, ಅಲ್ಲಿ ಅನುಮತಿ ಇಲ್ಲದೆ ಶೂಟಿಂಗ್ ಇಲ್ಲ. ಶೆಟ್ಟಿಹಳ್ಳಿಯ ಹಳೆ ಚರ್ಚ್ ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ಬೇಸಿಗೆಯಲ್ಲಿ ಹೊರಬರುತ್ತದೆ. ಹೀಗೆ ವರ್ಷ ವರ್ಷ ನೀರು ಕುಡಿದ ಗೋಡೆ ಅದು. ಹಿನ್ನೆಲೆಯಲ್ಲಿ ದೂರಕ್ಕೆ ಕಂಡರೆ ಚೆಂದ, ಹತ್ತುವುದು, ಒರಗಿ ಬೀಳುವುದು ಬೇಡ.

ಕೊನೆಗೆ ಸದ್ದು. ಸೆಟ್ಟಿನಲ್ಲಿ ಸಿಕ್ಕ ಸದ್ದು ಏಟಿಗೆ ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ಯಾರೂ ಹೊಡೆದಿಲ್ಲ ಅಲ್ವಾ? ಒದ್ದೆ ಟವೆಲನ್ನು ಎರಡು ಮಡಿಕೆ ಮಾಡಿ ಬಟ್ಟೆ ಒಗೆಯುವ ಕಲ್ಲಿಗೆ ಬಡಿಯಿರಿ, ಮೈಕ್ ಎರಡು ಅಡಿ ದೂರದಲ್ಲಿರಲಿ. ಕೆನ್ನೆಗೆ ಬಿದ್ದ ಏಟಿಗೆ ಇದೇ ಸದ್ದು. ಹೊಟ್ಟೆಗೆ ಬಿದ್ದ ಗುದ್ದಿಗೆ ಕಾಫಿ ಹೊಟ್ಟು ತುಂಬಿದ ಗೋಣಿಚೀಲ. ಮೂಳೆ ಮುರಿಯುವುದಕ್ಕೆ ಮೂಲಂಗಿಯನ್ನು ಮೈಕಿನ ಹತ್ತಿರ ಹಿಡಿದು ತಿರುಚಿ ಮುರಿಯಿರಿ. ಕೈ ಬೀಸುವ ಸದ್ದಿಗೆ ತೆಳು ಬೆತ್ತ. ಇವನ್ನೆಲ್ಲ ಮಧ್ಯಾಹ್ನವೇ ರೆಕಾರ್ಡ್ ಮಾಡಿ, ಸಂಜೆಯಾದರೆ ಜೀರುಂಡೆ ಶುರುವಾಗುತ್ತದೆ. ಆ ತುಟಿ ಒಡೆದ ಶಾಟನ್ನು ನಾವು ಕೊನೆಗೂ ಬಿಟ್ಟೆವು. ಅದರ ಜಾಗದಲ್ಲಿ ಇಟ್ಟದ್ದು ಗಾಳಿಯಲ್ಲಿ ಹೋದ ಇನ್ನೊಂದು ಏಟನ್ನು, ಅದಕ್ಕೆ ಸೇರಿಸಿದ್ದು ಗೆಳೆಯನ ಅಜ್ಜಿ ಹಿತ್ತಲಿನ ಕಲ್ಲಿಗೆ ಟವೆಲ್ ಬಡಿದುಕೊಟ್ಟ ಸದ್ದನ್ನು.