ಅನುಮಾನದ ಲಿಂಕ್ ಬಂತಾ? ಐಪಿ ಹಿಡಿದು ಹಿಂದಕ್ಕೆ ಹೋಗಿ

ಮೊನ್ನೆ ವಿಜಯಪುರದಲ್ಲಿ ನಮ್ಮ ಮಾವನ ಫೋನಿಗೆ ‘ರಾತ್ರಿ ಕರೆಂಟ್ ಕಟ್’ ಅಂತ ಮೆಸೇಜ್, ಕೆಳಗೊಂದು ಲಿಂಕ್. ಇಂಥದ್ದನ್ನು ಒತ್ತಬೇಡಿ. ಅದರಲ್ಲಿರುವ ಡೊಮೇನ್ ಹೆಸರನ್ನಷ್ಟೇ (ಸೈಟಿನ ಹೆಸರು, example.com ಥರದ್ದು) ಬರೆದುಕೊಂಡು, ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎನ್‌ಎಸ್‌ಲುಕಪ್ (nslookup) ಅಂತ ಟೈಪ್ ಮಾಡಿ ಪಕ್ಕದಲ್ಲಿ ಆ ಹೆಸರು ಹಾಕಿ, ಐಪಿ, ಅಂದ್ರೆ ಸರ್ವರ್‌ನ ಅಂಕಿ ವಿಳಾಸ, ಸಿಗುತ್ತದೆ. ಈಗ ಹೆಸರಿನ ಜಾಗದಲ್ಲಿ ಆ ಐಪಿ ಹಾಕಿ. ಇದೇ ರಿವರ್ಸ್ ಲುಕಪ್. ಬರುವ ಉತ್ತರ ಪಿಟಿಆರ್ ದಾಖಲೆ, ಅಂದ್ರೆ ಆ ಐಪಿಗೆ ಕೊಟ್ಟಿರುವ ಹೆಸರು.

ಅದನ್ನು ಬರೆಯುವುದು ಡೊಮೇನ್ ಕೊಂಡವನಲ್ಲ, ಐಪಿ ಯಾರ ಕೈಲಿದೆಯೋ ಅವರು, ಅಂದ್ರೆ ಸಾಮಾನ್ಯವಾಗಿ ಸರ್ವರ್ ಬಾಡಿಗೆಗೆ ಕೊಡುವ ಹೋಸ್ಟಿಂಗ್ ಕಂಪನಿ. ಬಾಡಿಗೆ ಸರ್ವರ್ ಕಂಡ ಕೂಡಲೇ ಸುಮ್ನೆ ಕಳ್ಳ ಅನ್ನಬೇಡಿ, ಅಸಲಿ ಸೈಟುಗಳೂ ಅಲ್ಲೇ ಇರುತ್ತವೆ ಅಲ್ವಾ? ಸೈಟು ಕ್ಲೌಡ್‌ಫ್ಲೇರ್ ಎಂಬ ಮಧ್ಯವರ್ತಿ ಸೇವೆಯ ಹಿಂದಿದ್ದರಂತೂ ನಿಜವಾದ ಸರ್ವರ್ ಕಾಣುವುದೇ ಇಲ್ಲ. ಆಗ ಡೊಮೇನ್ ನೋಂದಣಿ ವಿವರ ತೋರಿಸುವ ಹೂಈಸ್‌ನಲ್ಲಿ (WHOIS) ನೋಂದಣಿ ದಿನ ನೋಡಿ. ಮಾವನ ಲಿಂಕ್ 4 ದಿನದ ಕೂಸು! ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.